ಒಬ್ಬರು ನಿಲ್ಲುವಷ್ಟು ಜಾಗ

ಪೇಟೆಬೀದಿಯ ತಿರುವಿನಲ್ಲಿರುವ ಫೋಟೋ ಸ್ಟುಡಿಯೋದಲ್ಲಿ ಎರಡು ಕೋಣೆಗಳು. ಮುಂದಿನದರಲ್ಲಿ ದೀಪಗಳು, ಮಾಸಿದ ಪರದೆ, ಒಂದು ಉದ್ದನೆಯ ಬೆಂಚು. ಹಿಂದಿನದರಲ್ಲಿ ಕಿಟಕಿಗೆ ಒತ್ತಿಕೊಂಡ ಒಂದು ಮೇಜು. ಮುಂದಿನ ಕೋಣೆ ಗಂಡನದು, ಹಿಂದಿನದು ಹೆಂಡತಿಯದು. ಗಂಡ ಪ್ರಾಯದಿಂದಲೂ ಊರಿನವರಿಗೆಲ್ಲ "ಸ್ವಲ್ಪ ನಗಿ" ಎಂದು ಹೇಳುತ್ತಲೇ ಬಂದವರು. ಅವರು ನಕ್ಕಿದ್ದನ್ನು ಕಂಡವರು ಮಾತ್ರ ಕಡಿಮೆ. ಅದಕ್ಕೇ ಮಕ್ಕಳು ಅವರನ್ನು ನಗಿಮಾಮ ಎಂದು ಕರೆದವು. ಆ ಹೆಸರು ದೊಡ್ಡವರ ಬಾಯಲ್ಲೂ ಕೂತುಬಿಟ್ಟಿತು. ಹೆಂಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ.

ಆ ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಹಡಗಿನಲ್ಲೋ ಗಣಿಯಲ್ಲೋ ದೂರದ ಕಾರ್ಖಾನೆಯಲ್ಲೋ ದುಡಿಯುವವರು. ಮನೆಮಂದಿಯೆಲ್ಲ ಒಟ್ಟಿಗೆ ಸೇರುವ ದಿನ ಬರುವುದು ಅಪರೂಪ. ಹಾಗಾಗಿ ಸ್ಟುಡಿಯೋದಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಕುಟುಂಬದ ಫೋಟೋ ತೆಗೆಯುವಾಗ, ಊರಲ್ಲಿಲ್ಲದವನಿಗಾಗಿ ನಗಿಮಾಮ ಒಬ್ಬರು ನಿಲ್ಲುವಷ್ಟು ಜಾಗ ಬಿಡಿಸುತ್ತಿದ್ದರು. ಆಮೇಲೆ ಅವನ ಬೇರೆ ಯಾವುದಾದರೂ ಫೋಟೋ ಹುಡುಕಿ, ಉಳಿದವರ ಅಳತೆಗೆ ಸರಿಯಾಗಿ ದೊಡ್ಡದು ಮಾಡಿಕೊಡುತ್ತಿದ್ದರು. ಅಲ್ಲಿಂದ ಮುಂದಿನದು ಅಕ್ಕನ ಕೆಲಸ. ಅವನ ಕಿವಿ, ಹೆಗಲು, ಬೆರಳು ಒಂದೂ ತಪ್ಪದ ಹಾಗೆ ಸುತ್ತ ಬ್ಲೇಡು ಆಡಿಸಿ ಬಿಡಿಸಿ ತೆಗೆಯಬೇಕು. ಖಾಲಿ ಜಾಗಕ್ಕೆ ಅಂಟಿಸಬೇಕು. ಅಂಚು ಕಾಣದ ಹಾಗೆ ಸಣ್ಣ ಕುಂಚದಲ್ಲಿ ಬೂದುಬಣ್ಣ ತೀಡಬೇಕು. ಕೊನೆಗೆ ಕಾಲ ಬುಡದಲ್ಲಿ ಚೂರು ನೆರಳು ಹಾಕಬೇಕು. ನೆರಳು ಮರೆತರೆ ಮನುಷ್ಯ ನೆಲದ ಮೇಲೆ ನಿಲ್ಲುವುದಿಲ್ಲ, ತೇಲುತ್ತಾನೆ ಎನ್ನುತ್ತಿದ್ದರು ಅಕ್ಕ.

ಹಡಗಿನ ಅಡುಗೆಯವನೊಬ್ಬನ ಕತೆಯನ್ನು ಅವರು ಆಗಾಗ ಹೇಳುವುದುಂಟು. ಅವನ ಒಂದೇ ಫೋಟೋ ಇದ್ದದ್ದು, ಗೆರೆಗೆರೆ ಅಂಗಿಯದು. ವರ್ಷ ವರ್ಷವೂ ಅವನ ಹೆಂಡತಿ ಮಕ್ಕಳು ಬಂದು ನಿಲ್ಲುವರು, ಅಕ್ಕ ಅದೇ ಅಂಗಿಯವನನ್ನು ತಂದು ಪಕ್ಕಕ್ಕೆ ಅಂಟಿಸುವರು. ಮಕ್ಕಳು ಉದ್ದವಾದವು, ಹೆಂಡತಿ ದಪ್ಪಗಾದಳು, ಅವನು ಮಾತ್ರ ಇದ್ದಲ್ಲೇ ಇದ್ದ. ಕೊನೆಗೊಂದು ದಿನ ಅವನೇ ಅಂಗಡಿಗೆ ಬಂದ. ತಲೆ ಬೋಳಾಗಿತ್ತು. ಗೋಡೆಯ ಮೇಲಿದ್ದ ಫೋಟೋ ನೋಡಿ, "ಅಕ್ಕಾ, ನನ್ನ ಹೆಂಡ್ತಿ ಪಕ್ಕ ನಿಂತಿರೋ ಈ ಚೆಲುವ ಯಾರು? ಒದ್ದು ಓಡಿಸ್ತೀನಿ" ಅಂದನಂತೆ. ಅಕ್ಕ ಈ ಕತೆ ಹೇಳಿ ನಗುತ್ತಿದ್ದರು. ಮಗ ಹೋದ ಮೇಲೆ ಹೇಳುವುದನ್ನು ಬಿಟ್ಟರು.

ಮಗ ಸೈನ್ಯ ಸೇರಿದ್ದು ಹತ್ತೊಂಬತ್ತು ತುಂಬಿದಾಗ. ಶಾಲೆಯ ಡ್ರಿಲ್ ಮೇಷ್ಟ್ರು ಅವನ ಬೆನ್ನು ತಟ್ಟಿ ಕಳಿಸಿದ್ದರು. ಮುಂದಿನ ವರ್ಷವೇ ಗಡಿಯಲ್ಲಿ ಕದನ ಶುರುವಾಯಿತು. ತುಂಬಿದ ಹೊಳೆಯೊಂದನ್ನು ದೋಣಿಯಲ್ಲಿ ದಾಟುವಾಗ ಗುಂಡಿನ ದಾಳಿಯಾಯಿತು, ದೋಣಿ ಮಗುಚಿತು. ಕೆಲವರು ಈಜಿ ದಡ ಸೇರಿದರು, ಕೆಲವರ ಹೆಣ ಸಿಕ್ಕಿತು. ಅವನು ಎರಡೂ ಕಡೆ ಸಿಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಬ್ಬರು ಅಧಿಕಾರಿಗಳು ಸ್ಟುಡಿಯೋಕ್ಕೆ ಬಂದಾಗ ಅಕ್ಕ ಯಾರದೋ ತಮ್ಮನನ್ನು ಫೋಟೋದಿಂದ ಬಿಡಿಸುತ್ತಿದ್ದರು. ಬ್ಲೇಡು ಕೈಯಲ್ಲೇ ಇತ್ತು.

"ನಿಮ್ಮಲ್ಲಿ ಯಾರಾದ್ರೂ ಕಣ್ಣಾರೆ ನೋಡಿದ್ರಾ?"

"ಇಲ್ಲಮ್ಮ."

"ಮತ್ತೆ?"

"ಕಾಣೆಯಾಗಿದಾನೆ ಅಂತಷ್ಟೇ ನಾವು ಹೇಳೋಕಾಗೋದು."

"ಹಾಗಾದ್ರೆ ಸಿಕ್ಕಿದ ದಿನ ಬಂದು ಹೇಳಿ" ಎಂದರು ಅಕ್ಕ. ಈ ಮಾತು ಊರಿಡೀ ಹರಡಿತು. ಪಾಪ, ತಾಯಿ ಒಪ್ಪುತ್ತಿಲ್ಲ ಎಂದರು ಜನ. ನಗಿಮಾಮ ಪರದೆಯ ಬಳಿ ನಿಂತು ದೀಪದ ತಂತಿಯನ್ನು ಕೈಗೆ ಸುತ್ತಿಕೊಳ್ಳುತ್ತಲೇ ಇದ್ದರು. ಅವರು ಏನೂ ಹೇಳಲಿಲ್ಲ. ಆದ್ದರಿಂದ ಅವರ ಬಗ್ಗೆ ಹರಡುವುದಕ್ಕೆ ಮಾತೂ ಇರಲಿಲ್ಲ.

ವರ್ಷಗಳಾದ ಮೇಲೆ ನಡೆದ ಮಗಳ ಮದುವೆಯ ಫೋಟೋದಲ್ಲಿ ತಾಯಿಗೂ ಮಗಳಿಗೂ ನಡುವೆ ಜಾಗ ಬಿಟ್ಟಿತ್ತು. ಅದಕ್ಕೆ ಅಂಟಿಸಲೆಂದು ಅಕ್ಕ ಮಗನ ನಿಂತ ಚಿತ್ರವೊಂದನ್ನು ಬಿಡಿಸಿಯೂ ಇಟ್ಟಿದ್ದರು. ಪಕ್ಕಕ್ಕಿಟ್ಟು ನೋಡಿದರೆ ಅಣ್ಣನಾದವನು ತಂಗಿಗಿಂತ ಚಿಕ್ಕವನಾಗಿ ಕಂಡ. ಬಿಡಿಸಿದ್ದನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದರು. ಕಂಪ್ಯೂಟರ್ ಬಂತು, ಬ್ಲೇಡಿನ ಆ ಕೆಲಸವೇ ಊರಿಂದ ಹೋಯಿತು. ಅಕ್ಕನಿಗೆ ಈಗ ಉಳಿದಿರುವುದು ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸಿ ಲಕೋಟೆಗೆ ಹಾಕುವುದು ಮಾತ್ರ. ಮದುವೆಯ ಫೋಟೋದಲ್ಲಿ ಜಾಗ ಹಾಗೇ ಇದೆ.

ಇಷ್ಟು ವರ್ಷಗಳ ಮೇಲೆ, ಊರಿನಿಂದ ಯುದ್ಧಕ್ಕೆ ಹೋಗಿ ತೀರಿಕೊಂಡವರ ಹೆಸರಲ್ಲಿ ಶಾಲೆಯ ಮೈದಾನದ ಅಂಚಿಗೆ ಒಂದು ಕಲ್ಲು ನಿಲ್ಲಿಸಬೇಕೆಂದು ಕೆಲವರು ಹೊರಟರು. ಮುಂದೆ ನಿಂತವರು ಅದೇ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ, ಕೋಲೂರಿಕೊಂಡು ಓಡಾಡುತ್ತಿದ್ದರು. ಅಕ್ಕ ಇಲ್ಲದ ಹೊತ್ತು ನೋಡಿ ಬಂದು, ಸ್ಟುಡಿಯೋದ ಬೆಂಚಿನ ಮೇಲೆ ಕೂತು ಮೆಲ್ಲಗೆ ಕೇಳಿದರು: "ನಿಮ್ಮ ಹುಡುಗನ ಹೆಸರೂ ಕೆತ್ತಿಸ್ಲಾ? ನೀವಿಬ್ರೂ ಹೂಂ ಅನ್ನದೆ ನಾನು ಕೆತ್ಸಲ್ಲ."

"ನನ್ನದೇನಿಲ್ಲ ಮೇಷ್ಟ್ರೆ. ನಮ್ಮನೆಯವಳು ಒಪ್ಪಬೇಕಲ್ಲ."

"ಕೇಳಿ ನೋಡಿ."

"ಪ್ರವಾಸಕ್ಕೆ ಹೊರಟಿದೀವಿ. ಬಂದು ಹೇಳ್ತೀನಿ."

ಪ್ರವಾಸ ಮಗಳ ಏರ್ಪಾಡು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಹೊರದೇಶದ ಹಳೆಯ ರಣರಂಗಗಳು, ಸ್ಮಾರಕಗಳು, ನಡುನಡುವೆ ಅರಮನೆ, ಕೋಟೆ ತೋರಿಸುವ ಗುಂಪಿನಲ್ಲಿ ಅಪ್ಪ ಅಮ್ಮನ ಹೆಸರು ಬರೆಸಿದ್ದಳು. "ಅಮ್ಮ ಅಂಥ ಜಾಗ ಒಂದ್ಸಲ ನೋಡ್ಲಿ ಅಪ್ಪ" ಎಂದು ತಂದೆಗೆ ಹೇಳಿದಳು. "ಮಗ ಸಿಗದೆ ಹೋದದ್ದು ತನಗೊಬ್ಬಳಿಗೇ ಅಲ್ಲ ಅಂತ ಗೊತ್ತಾಗ್ಲಿ. ಬಂದ್ಮೇಲೆ ಮೇಷ್ಟ್ರಿಗೆ ಹೂಂ ಅಂದ್ಬಿಡಿ." ತಾಯಿಗೆ ಮಾತ್ರ ಸುಮ್ಮನೆ ತಿರುಗಾಡಿ ಬನ್ನಿ ಎಂದಳು.

"ನಾವು ನೋಡೋಕೆ ಹೋಗೋದು ಅರಮನೇನೋ, ಗೋರಿನೋ?" ಅಕ್ಕ ಕೇಳಿದರು.

"ಎರಡೂ ಅಮ್ಮ."

"ಒಂದೇ ಟಿಕೆಟ್ಟಿಗೆ ಎರಡೂನಾ? ಲಾಭಾನೇ ಬಿಡು."

ಹೋದ ದೇಶದಲ್ಲಿ ಆಕಾಶ ದಿನವಿಡೀ ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತುಬಿದ್ದಿರುತ್ತಿತ್ತು. ಬಸ್ಸಿನ ಗಾಜಿಗೆ ಉಸಿರು ತಾಗಿ ಮಂಜು ಕಟ್ಟುವುದು, ಯಾರೋ ಅಂಗೈಯಿಂದ ಒರೆಸುವುದು, ಒರೆಸಿದ ವೃತ್ತದಲ್ಲಿ ಉತ್ತ ಹೊಲಗಳು ಹಾದುಹೋಗುವುದು. ಗುಂಪಿನ ಉಸ್ತುವಾರಿಗೆ ಪ್ರವಾಸ ಕಂಪನಿಯ ಹುಡುಗಿಯೊಬ್ಬಳಿದ್ದಳು. ಜನ ಚದುರದಿರಲೆಂದು ಕೆಂಪು ಛತ್ರಿಯೊಂದನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು. ಪಕ್ಕದ ಸೀಟಿನಲ್ಲಿ ಬೇರೆ ಊರಿನ ಔಷಧಿ ಅಂಗಡಿಯ ಯಜಮಾನರು ಮತ್ತು ಅವರ ಹೆಂಡತಿ. ಯಜಮಾನರು ಅರ್ಧ ಅಂಗಡಿಯನ್ನೇ ಚೀಲದಲ್ಲಿ ಹೊತ್ತು ತಂದಿದ್ದರು. ಬಸ್ಸಿನಲ್ಲಿ ಯಾರು ಸೀನಿದರೂ ಅವರ ಕೈ ಚೀಲಕ್ಕೆ ಹೋಗುತ್ತಿತ್ತು.

"ನೀವು ಮಾತ್ರೆ ಕೊಡೋ ರಭಸ ನೋಡಿದ್ರೆ, ಕಾಯಿಲೆ ನಿಮ್ಮನ್ನ ಕಂಡ್ರೆ ಹೆದರುತ್ತೋ, ಕಾಯಿಲೆಯವನು ಹೆದರ್ತಾನೋ ಗೊತ್ತಾಗಲ್ಲ" ಎಂದರು ಅವರ ಹೆಂಡತಿ.

"ಇಬ್ರೂ ಹೆದರಿದ್ರೇನೇ ಅಂಗಡಿ ನಡೆಯೋದು" ಎಂದರು ಯಜಮಾನರು.

ಎಲ್ಲಿ ಇಳಿದರೂ ಗುಂಪಿನ ಫೋಟೋ ತೆಗೆಯುವುದು ನಗಿಮಾಮನ ಪಾಲಿಗೆ ಬಂತು. ಎಲ್ಲರ ಬಳಿ ಮೊಬೈಲು ಇದ್ದರೂ, ಕುತ್ತಿಗೆಗೆ ನಿಜವಾದ ಕ್ಯಾಮೆರಾ ತೂಗುಹಾಕಿಕೊಂಡವರ ಮಾತಿಗೆ ಬೆಲೆ ಜಾಸ್ತಿ. ಕೋಟೆಯ ಮೆಟ್ಟಿಲ ಮೇಲೆ ಎಲ್ಲರನ್ನೂ ಜೋಡಿಸಿದರು. ಗಿಡ್ಡನೆಯವರು ಮುಂದೆ, ಕನ್ನಡಕದವರು ತಲೆ ಚೂರು ತಗ್ಗಿಸಿ. ಅಕ್ಕ ಸಾಲಿನ ತುದಿಯಲ್ಲಿ, ಪಕ್ಕದವರಿಂದ ಒಂದು ಹೆಜ್ಜೆ ಆಚೆ.

"ಅಕ್ಕಾವ್ರೇ, ಆ ಸಂದೀಲಿ ಒಂದು ಲಾರಿ ಹೋಗುತ್ತೆ! ಈ ಕಡೆ ಬನ್ನಿ" ಎಂದು ಔಷಧಿಯವರು ಕೂಗಿದರು. ಎಲ್ಲರೂ ನಕ್ಕರು.

"ಬೇಡ. ಹಾಗೇ ಇರ್ಲಿ" ಎಂದರು ನಗಿಮಾಮ ಕ್ಯಾಮೆರಾದ ಹಿಂದಿನಿಂದ. ಅಕ್ಕ ಅಲ್ಲಿಯೇ ನಿಂತರು.

ಮಾರನೆಯ ದಿನ ಒಂದು ಸೈನಿಕ ಸ್ಮಶಾನ. ಬಿಳಿಯ ಕಲ್ಲುಗಳು, ಹುಲ್ಲು, ಎಲ್ಲವೂ ಕತ್ತರಿಸಿ ಅಂಟಿಸಿದಷ್ಟು ನೇರ. ಅಲ್ಲಿಯೂ ಹಾಗೆಯೇ ಆಯಿತು. ಔಷಧಿಯವರ ಹೆಂಡತಿ ಅಕ್ಕನ ತೋಳು ಹಿಡಿದು ಹತ್ತಿರಕ್ಕೆ ಎಳೆದರು. ನಗಿಮಾಮ ಕ್ಯಾಮೆರಾ ಇಳಿಸಿ ಕಾದರು. ತೋಳು ಬಿಟ್ಟ ಮೇಲೆಯೇ ಕ್ಲಿಕ್ ಎಂದಿತು.

ಅಂದು ಬಸ್ಸಿನಲ್ಲಿ ಔಷಧಿಯವರು ನಗಿಮಾಮನ ಪಕ್ಕಕ್ಕೆ ಬಂದು ಕೂತು ಕಾರಣ ಕೇಳಿದರು. ನಗಿಮಾಮ ತಗ್ಗಿದ ದನಿಯಲ್ಲಿ ಹೇಳಿದರು, ಮಗ, ಹೊಳೆ, ದೋಣಿ. ಔಷಧಿಯವರ ಮುಖ ಸಣ್ಣದಾಯಿತು.

"ಛೆ. ಲಾರಿ ಗೀರಿ ಅಂತ ಏನೋ ಅಂದ್ಬಿಟ್ಟೆನಲ್ಲ. ಅಕ್ಕಾವ್ರಿಗೆ ಇನ್ನೂ ನಂಬಿಕೆನಾ?"

"ಅವಳದು ತಾಯಿ ಕರುಳು. ನಾನು ಯಾವತ್ತೋ ಮನಸ್ಸು ಗಟ್ಟಿ ಮಾಡ್ಕೊಂಡೆ. ಊರಲ್ಲಿ ಡ್ರಿಲ್ ಮೇಷ್ಟ್ರು ಸತ್ತವರ ಹೆಸರಲ್ಲಿ ಕಲ್ಲು ನಿಲ್ಲಿಸ್ತಿದಾರೆ, ಇವನ ಹೆಸರೂ ಕೆತ್ತಿಸ್ಲಾ ಅಂತ ಕೇಳ್ತಿದಾರೆ. ಅವಳಿಗೆ ಹೇಳೋದು ಹೇಗೆ ಅಂತಾನೇ ತಿಳೀತಿಲ್ಲ."

"ಹೆಂಗಸರ ಮನಸ್ಸು, ಸಾರ್. ನಿಧಾನ ಆಗುತ್ತೆ."

ಮುಂದಿನ ಸೀಟಿನಲ್ಲಿ ಅಕ್ಕ ಗಾಜಿಗೆ ಹಣೆ ಒತ್ತಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಲಿಲ್ಲ. ಕಲ್ಲಿನ ವಿಷಯ ಅವರ ಕಿವಿಗೆ ಬಿದ್ದದ್ದು ಹಾಗೆ. ಊರಲ್ಲಿ ದಿನಾ ಸಂಜೆಯ ಬಸ್ಸು ಬಂದು, ಇಳಿಯುವವರೆಲ್ಲ ಇಳಿದು ಚದುರುವ ತನಕ ಸ್ಟುಡಿಯೋದ ಬಾಗಿಲು ಹಾಕದವರು ಯಾರೆಂದು ಅವರಿಗೆ ಗೊತ್ತಿತ್ತು. ಅದು ಗಿರಾಕಿಗಾಗಿ ಎಂದು ನಗಿಮಾಮ ಹೇಳುತ್ತಾರೆ. ಅಷ್ಟು ಹೊತ್ತಿಗೆ ಫೋಟೋ ತೆಗೆಸಲು ಯಾರೂ ಬರುವುದಿಲ್ಲ. ಅಕ್ಕ ಕಣ್ಣು ತೆರೆಯಲಿಲ್ಲ.

ಕೊನೆಯಲ್ಲಿ ಇದ್ದದ್ದು ಸ್ಮಾರಕದ ಒಂದು ದೊಡ್ಡ ಕಮಾನು. ಎರಡು ಕಡೆಯೂ ನೆಲದಿಂದ ಮೇಲಿನ ತನಕ ಹೆಸರುಗಳು. ಬಸ್ಸಿನಲ್ಲಿ ಗದ್ದಲ ಮಾಡುತ್ತಿದ್ದವರೆಲ್ಲ ಒಳಗೆ ಕಾಲಿಟ್ಟ ಕೂಡಲೇ ಬಾಯಿಗೆ ಬೀಗ ಹಾಕಿಕೊಂಡರು. ಛತ್ರಿಯ ಹುಡುಗಿ ಛತ್ರಿ ಮಡಚಿದಳು. "ಇವ್ರೆಲ್ಲ ಯುದ್ಧದಲ್ಲಿ ಸಿಗದೇ ಹೋದವರು. ಗೋರಿ ಇಲ್ದಿರೋರು. ಅದಕ್ಕೆ ಹೆಸರು ಇಲ್ಲಿ ಬರೆದಿದಾರೆ."

ಅಕ್ಕ ಗೋಡೆಯ ಹತ್ತಿರ ಹೋದರು. ಓದಲು ಬರುವ ಲಿಪಿಯಲ್ಲ. ಆದರೂ ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸಿದರು. ಆಚೆ ಈಚೆ ಅಕ್ಷರಗಳು ಒತ್ತೊತ್ತಾಗಿದ್ದ ಒಂದು ಕಡೆ, ಒಂದು ಹೆಸರಿನಷ್ಟು ಉದ್ದಕ್ಕೆ ಕಲ್ಲು ನುಣ್ಣಗಿತ್ತು. ಬಣ್ಣವೂ ಒಂದು ಚೂರು ತಿಳಿ. ಅಕ್ಕ ಬೆರಳಿನಿಂದ ಸವರಿದರು.

"ಇಲ್ಲಿ ಏನೋ ತೇಪೆ ಹಾಕಿದಾರಲ್ಲಮ್ಮ?"

"ಹೂಂ ಆಂಟಿ. ಈಗ್ಲೂ ಹೊಲ ಉಳುವಾಗ ಮೂಳೆ ಸಿಗುತ್ತಂತೆ. ಯಾರದು ಅಂತ ಗೊತ್ತಾದ್ರೆ ಅವ್ರಿಗೆ ಗೋರಿ ಕಟ್ಟಿ, ಇಲ್ಲಿಂದ ಹೆಸರು ತೆಗೀತಾರೆ. ಸಿಕ್ಕಿದ ಮೇಲೆ ಈ ಗೋಡೆ ಮೇಲೆ ಇರೋ ಹಾಗಿಲ್ಲವಲ್ಲ."

"ಕಲ್ಲಲ್ಲಿ ಕೆತ್ತಿದ್ದನ್ನ ತೆಗೀತಾರಾ?"

"ತೆಗೀತಾರೆ."

ಅಕ್ಕ ಬೆರಳನ್ನು ಕಲ್ಲಿನಿಂದ ತೆಗೆದರು. ಆಮೇಲೆ, "ಜೀವಂತ ಸಿಕ್ಕಿದ್ರೆ?" ಎಂದರು.

ಹುಡುಗಿ ಛತ್ರಿಯ ಹಿಡಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. "ಹಾಗೆ ಯಾರೂ..." ಎಂದು ಶುರುಮಾಡಿ ನಿಲ್ಲಿಸಿದಳು. "ಆಗ್ಲೂ ತೆಗೀತಾರೆ ಆಂಟಿ. ತೆಗೀಲೇಬೇಕಲ್ಲ."

ಅಕ್ಕ ತಲೆಯಾಡಿಸಿದರು. ನುಣುಪಾದ ಆ ಜಾಗವನ್ನು ಇನ್ನೊಂದು ಸಲ ಸವರಿದರು, ತಾವೇ ಅಂಚು ತೀಡಿದ್ದೇನೋ ಎಂಬ ಹಾಗೆ. ಹೊರಗೆ ಮೆಟ್ಟಿಲ ಬಳಿ ನಗಿಮಾಮ ಕ್ಯಾಮೆರಾದ ಗಾಜು ಒರೆಸುತ್ತಿದ್ದರು.

"ರೀ, ಮೇಷ್ಟ್ರಿಗೆ ಹೂಂ ಅಂದ್ಬಿಡೋಣ."

"ಏನಕ್ಕೆ?"

"ಕಲ್ಲಿಗೆ. ಹೆಸರು ಕೆತ್ತಿಸ್ಲಿ. ಕೆತ್ತಿದ್ದನ್ನ ಬೇಕಾದಾಗ ತೆಗಿಯೋಕೆ ಬರುತ್ತಂತೆ. ಕೆತ್ತಿಸಿಬಿಟ್ರೆ ಬಾಗಿಲು ಹಾಕಿದ ಹಾಗೇನೂ ಅಲ್ಲವಂತೆ."

ನಗಿಮಾಮ ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ಆಮೇಲೆ ಮಾತಾಡೋಣ. ಬೆಳಕು ಹೋಗ್ತಿದೆ. ಎಲ್ರೂ ನಿಂತ್ಕೊಳ್ಳಿ, ನಿಂತ್ಕೊಳ್ಳಿ."

ಎಲ್ಲರೂ ಮೆಟ್ಟಿಲ ಮೇಲೆ ನಿಂತರು. ಈಗ ಯಾರೂ ತಮಾಷೆ ಮಾಡಲಿಲ್ಲ. ಔಷಧಿಯವರು ತಮ್ಮ ಹೆಂಡತಿಯ ಪಕ್ಕದಲ್ಲಿ ಬೇಕೆಂದೇ ಒಬ್ಬರಷ್ಟು ಜಾಗ ಬಿಡಿಸಿದರು, ಅಕ್ಕನಿಗೆ ನೋವಾಗದಿರಲೆಂದು. ಅಕ್ಕ ಬಂದು ಆ ಜಾಗ ನೋಡಿದರು. ಶಾಲು ಬಿಗಿದುಕೊಂಡು, ಒಂದು ಹೆಜ್ಜೆ ಸರಿದು, ಔಷಧಿಯವರ ಹೆಂಡತಿಯ ಹೆಗಲಿಗೆ ಹೆಗಲು ತಾಗಿಸಿ ನಿಂತರು.

ನಗಿಮಾಮ ಕ್ಯಾಮೆರಾಕ್ಕೆ ಕಣ್ಣಿಟ್ಟರು. ಬೆರಳು ಗುಂಡಿಯ ಮೇಲಿತ್ತು. ಕ್ಲಿಕ್ ಆಗಲಿಲ್ಲ.

"ಏನೇ, ಸ್ವಲ್ಪ ಆ ಕಡೆ ಸರಿ."

"ಸಾಕು, ತೆಗೀರಿ."

"ಸರಿ ಅಂದೆ."

"ತೆಗೀರಿ, ಎಲ್ರೂ ಚಳೀಲಿ ನಿಂತಿದಾರೆ."

"ಜಾಗ ಬಿಡೇ!"

ಆ ದನಿ ಕಮಾನಿನೊಳಗೆ ಹೋಗಿ ಬಡಿದು ವಾಪಸು ಬಂತು. ಯಾರೂ ಮಿಸುಕಲಿಲ್ಲ. ಔಷಧಿಯವರು ತಮ್ಮ ಬೂಟುಗಳನ್ನೇ ನೋಡತೊಡಗಿದರು. ನಗಿಮಾಮ ಕ್ಯಾಮೆರಾ ಇಳಿಸಿರಲಿಲ್ಲ. ಅದರ ಹಿಂದೆ ಮುಖ ಕಾಣುತ್ತಿರಲಿಲ್ಲ.

ಅಕ್ಕ ಮೆಟ್ಟಿಲಿಳಿದು ಬಂದರು. ಇಷ್ಟು ಕಾಲ ಜೊತೆಗೆ ದುಡಿದಿದ್ದರೂ ಅವರು ಆ ಕ್ಯಾಮೆರಾದಲ್ಲಿ ಒಂದು ಫೋಟೋವನ್ನೂ ತೆಗೆದವರಲ್ಲ. ಗಂಡನ ಕುತ್ತಿಗೆಯಿಂದ ಪಟ್ಟಿ ಬಿಡಿಸಿಕೊಂಡರು, ಮಗುವಿನ ಕೊರಳಿನಿಂದ ಚೀಲ ತೆಗೆಯುವಷ್ಟು ಮೆಲ್ಲಗೆ.

"ಇಷ್ಟು ದಿನ ತೆಗೆದಿದ್ರಲ್ಲಿ ನಾವೇ ಇರೋದು, ನೀವೆಲ್ಲೂ ಇಲ್ಲ. ಹೋಗಿ ನಿಂತ್ಕೊಳ್ಳಿ."

"ನಿಂಗೆ ಬರಲ್ಲ ಕಣೇ."

"ಒತ್ತೋದೊಂದು ತಾನೇ. ಹೋಗಿ."

ನಗಿಮಾಮ ಹೋಗಿ ಸಾಲಿನ ತುದಿಯಲ್ಲಿ ನಿಂತರು. ಅಕ್ಕ ಕಣ್ಣಿಟ್ಟು ನೋಡಿದರು. ಚೌಕದೊಳಗೆ ಎಲ್ಲರೂ ಒತ್ತಾಗಿದ್ದರು. ಗಂಡ ಮಾತ್ರ ಒಂದು ಹೆಜ್ಜೆ ಆಚೆ. ಬಲಗೈ ಮೈಯಿಂದ ಚೂರು ದೂರ ನಿಂತಿತ್ತು, ತನಗಿಂತ ಎತ್ತರದವನ ತೋಳು ಪಕ್ಕದಲ್ಲಿದ್ದರೆ ನಿಲ್ಲುವ ಹಾಗೆ. ತಾವು ಹಾಗೆ ನಿಂತಿರುವುದು ಅವರಿಗೆ ಗೊತ್ತಿರಲಿಲ್ಲ. ಔಷಧಿಯವರು ಸಾಲು ಕೂಡಿಸಲು ಅವರತ್ತ ಸರಿಯಹೋದರು.

"ಬೇಡ" ಎಂದರು ಅಕ್ಕ. "ಹಾಗೇ ಇರ್ಲಿ."

ಚಿತ್ರ ಒಂದು ಚೂರು ಓರೆಯಾಗಿ ಬಂತು.

ಊರಿಗೆ ಬಂದ ಮೇಲೆ ಇಬ್ಬರೂ ಕಲ್ಲಿನ ಮಾತು ಎತ್ತಲಿಲ್ಲ. ಒಂದು ಮಧ್ಯಾಹ್ನ ಮಗಳು ಪ್ರವಾಸದ ಫೋಟೋ ನೋಡಲು ಬಂದಿದ್ದಳು. ಹಿಂದಿನ ಕೋಣೆಯಲ್ಲಿ ತಾಯಿಯ ಮೇಜಿಗೆ ಆತು ಕೂತು ಒಂದೊಂದನ್ನೇ ತಿರುವುತ್ತಿದ್ದಳು. ಅಕ್ಕ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಕೋಲಿನ ಸದ್ದಾಯಿತು.

"ಕಲ್ಲು ಬಂದಿದೆ" ಎಂದರು ಡ್ರಿಲ್ ಮೇಷ್ಟ್ರು. "ಕೆತ್ತೋನು ನಾಳೆ ಶುರು ಮಾಡ್ತಾನೆ. ಏನ್ ಹೇಳ್ತೀರಿ?"

ನಗಿಮಾಮ ದೀಪದ ತಂತಿಯನ್ನು ಕೈಗೆ ಸುತ್ತುತ್ತಿರಬೇಕು ಎಂದುಕೊಂಡರು ಅಕ್ಕ. ಬ್ಲೇಡು ಕಾಗದದ ಮೇಲೆ ನಿಂತಿತ್ತು.

"ಕೇಳ್ದೆ ಮೇಷ್ಟ್ರೆ" ಎಂಬ ದನಿ ಕೊನೆಗೂ ಕೇಳಿತು. "ಏನು ಮಾಡೋದು ಹೇಳಿ. ನಮ್ಮನೆಯವಳು ಒಪ್ಪಲ್ಲ."

ಮಗಳು ತಟ್ಟನೆ ತಲೆಯೆತ್ತಿ ತಾಯಿಯ ಮುಖ ನೋಡಿದಳು. ಅಕ್ಕ ಬ್ಲೇಡು ಕೆಳಗಿಟ್ಟರು. ಎದ್ದು ಹೋಗಿ ನಡುಬಾಗಿಲಿನ ಪರದೆ ಸರಿಸಿ ನಿಂತರು. ಬೆಂಚಿನ ತುದಿಯಲ್ಲಿ ನಗಿಮಾಮ ತಲೆ ಬಗ್ಗಿಸಿ ಕೂತಿದ್ದರು. ಮೇಲೆ ನೋಡಲಿಲ್ಲ.

"ಹೌದಾ ಅಕ್ಕ?" ಮೇಷ್ಟ್ರು ಕೇಳಿದರು. "ನಾನೇನೂ ಒತ್ತಾಯ ಮಾಡಲ್ಲಮ್ಮ. ನಿಮ್ಮ ಬಾಯಿಂದ ಒಂದು ಮಾತು ಕೇಳಿ ಹೋಗ್ತೀನಿ ಅಷ್ಟೆ."

"ಹೌದು ಮೇಷ್ಟ್ರೆ" ಎಂದರು ಅಕ್ಕ. "ನಾನು ಒಪ್ಪಲ್ಲ."

ಮೇಷ್ಟ್ರು ಕೋಲು ತೆಗೆದುಕೊಂಡು ಎದ್ದರು. ಹೋಗುವ ಮುಂಚೆ ನಗಿಮಾಮನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟರು, ಇಂಥವಳ ಜೊತೆ ಬಾಳುವ ಕಷ್ಟ ತಿಳಿದವರ ಹಾಗೆ.

"ಅಷ್ಟು ದೂರ ಹೋಗಿ ಬಂದ್ರೂ ನಿನ್ನ ಹಟ ಹೋಗ್ಲಿಲ್ವಲ್ಲಮ್ಮ" ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. "ಅಪ್ಪ ಎಷ್ಟು ಅಂತ ಸಹಿಸ್ಕೋಬೇಕು? ಅವ್ರ ಮುಖ ಒಂದ್ಸಲ ನೋಡಿದ್ಯಾ ನೀನು?"

"ನೋಡ್ದೆ."

"ಕಲ್ಲು ನೀನು."

ಅಕ್ಕ ಮೇಜಿಗೆ ಹೋಗಿ, ಮಗಳು ಬಿಟ್ಟೆದ್ದ ಫೋಟೋಗಳನ್ನು ಒಂದರ ಮೇಲೊಂದಿಟ್ಟು ಜೋಡಿಸಿದರು. ಓರೆಯಾಗಿ ಬಂದಿದ್ದ ಒಂದನ್ನು ಮಾತ್ರ ಬೇರೆ ತೆಗೆದು ಡ್ರಾಯರ್ ಎಳೆದರು. ಬಿಡಿಸಿಟ್ಟ ಮಗ ಅಲ್ಲಿದ್ದ, ಕಾಲ ಬುಡದಲ್ಲಿ ನೆರಳಿಲ್ಲದೆ. ಅವನನ್ನು ಅಪ್ಪನ ಪಕ್ಕದ ಜಾಗಕ್ಕೆ ಹಿಡಿದು ನೋಡಿದರು. ಅಳತೆ ಹೊಂದಲಿಲ್ಲ. ಎರಡನ್ನೂ ಒಟ್ಟಿಗಿಟ್ಟು ಡ್ರಾಯರ್ ಮುಚ್ಚಿದರು.

ಮಗಳು ಹೋದಳು. ಹೊತ್ತು ಇಳಿಯಿತು. ಬೀದಿಯಲ್ಲಿ ಉಳಿದ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡವು. ನಗಿಮಾಮ ಹೊಸ್ತಿಲ ಮೇಲೆ ನಿಂತಿದ್ದರು. ಸಂಜೆಯ ಬಸ್ಸು ಬಂತು, ನಾಲ್ಕಾರು ಜನ ಇಳಿದರು, ಚೀಲ ಹೊತ್ತು ಅತ್ತಿತ್ತ ಹೋದರು. ಬಸ್ಸು ಖಾಲಿಯಾಗಿ ತಿರುಗಿದ ಮೇಲೂ ಅವರು ಸ್ವಲ್ಪ ಹೊತ್ತು ಅಲ್ಲಿಯೇ ಇದ್ದರು.

ಅಕ್ಕ ಒಳಗಿನಿಂದ ಕರೆಯಲಿಲ್ಲ. ಮುಂದಿನ ಕೋಣೆಗೆ ಬಂದು ಬೆಂಚಿನ ಮೇಲೆ ಕೂತು, ಅವರೇ ಬಾಗಿಲು ಹಾಕುವ ತನಕ ಕಾದರು.